ಸೇತುವೆ ಕಾದ ನೀಲಪ್ಪ

ಪೀಣ್ಯದ ಒಂದು ಲೇತ್ ಕಾರ್ಖಾನೆಯ ಗೇಟು ಕಾಯುತ್ತಿದ್ದ ನೀಲಪ್ಪನಿಗೆ ‘ಮಿಲ್ಟ್ರಿ’ ಎಂದೇ ಹೆಸರು. ಗದಗದ ಕಡೆಯವನು. ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆಯಲ್ಲಿದ್ದು, ತೊಂಬತ್ತರಲ್ಲಿ ವಾಪಸಾಗಿ, ಪಿಂಚಣಿ ಪಡೆದು, ಹೆಂಡತಿ ದಾನೇಶ್ವರಿಯೊಂದಿಗೆ ಬಾಗಲಗುಂಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ.

ಕೆಲಸಕ್ಕೆ ಸೇರಿದ ವರ್ಷದ ಆಯುಧಪೂಜೆಯಲ್ಲೇ ಎಡವಟ್ಟಾಯಿತು. ಯಂತ್ರಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುವ ಹೊತ್ತಿಗೆ ಯಾರೋ, “ಎಷ್ಟ್ ಜನನ್ನ ಹೊಡೆದ್ರಿ ಸಾರ್?” ಎಂದರು. ಹಬ್ಬದ ದಿನ, ಹೆಂಗಸರು ಮಕ್ಕಳೆಲ್ಲ ಕೂತಿರುವಾಗ ಕೇಳುವ ಪ್ರಶ್ನೆಯೇ ಅದು? ಗಂಟಲಿಗೆ ಬಂದ ನಿಜವನ್ನು ನುಂಗಿಕೊಂಡು ನೀಲಪ್ಪ ಒಂದು ಸುಳ್ಳು ಬಿಟ್ಟ. ಲಂಕೆಯಲ್ಲಿ ಒಂದು ರಾತ್ರಿ ಬೆಳಗಾಗುವ ತನಕ ತಾನೊಬ್ಬನೇ ನಿಂತು ಸೇತುವೆ ಕಾದೆ ಎಂದ. ಜನ ಚಪ್ಪಾಳೆ ತಟ್ಟಿದರು. ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಪ್ರತಿ ವರ್ಷ ಮಂಗಳಾರತಿಯಾದ ಮೇಲೆ ಮಿಲ್ಟ್ರಿಯ ಸೇತುವೆ ಕತೆ. ಪುರಿ ಇಲ್ಲದಿದ್ದರೂ ನಡೆದೀತು, ಕತೆಯಿಲ್ಲದೆ ಯಾರೂ ಏಳುತ್ತಿರಲಿಲ್ಲ.

ನಿಜ ಬೇರೆಯಿತ್ತು. ಅಲ್ಲಿ ತಾಳೆಗರಿ ಬೇಲಿಯೊಂದರ ಹಿಂದೆ ಏನೋ ಅಲ್ಲಾಡಿತೆಂದು ನೀಲಪ್ಪ ಗುಂಡು ಹಾರಿಸಿದ್ದ. ಹೋಗಿ ನೋಡಿದರೆ, ಬಾವಿಯಿಂದ ನೀರು ತರುತ್ತಿದ್ದ ಮುದುಕನೊಬ್ಬ ಸತ್ತು ಬಿದ್ದಿದ್ದ. ಇದನ್ನು ಹೆಂಡತಿಯೊಬ್ಬಳಿಗಾದರೂ ಹೇಳಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

“ನಿನಗೊಂದು ಮಾತು ಹೇಳಬೇಕು. ಹೆದರಿಕಿ ಆಗ್ತದ,” ಎಂದು ಒಮ್ಮೆ ಶುರುಮಾಡಿದ್ದೂ ಉಂಟು.

“ಬ್ರಿಡ್ಜ್ ಕಾಯ್ದವ್ರಿಗೆ ಎಂಥಾ ಹೆದರಿಕಿ ರೀ!” ಎಂದು ಅವಳು ನಗುತ್ತ ಒಳಗೆ ಹೋಗಿದ್ದಳು. ಪಾಪ, ಅವಳೇನು ಮಾಡಿಯಾಳು.

ತೊಂಬತ್ತಾರರ ಆಯುಧಪೂಜೆಗೆ ಅವನು ಗಟ್ಟಿ ಮನಸ್ಸು ಮಾಡಿದ. ಏನಾದರಾಗಲಿ, ಎಲ್ಲರೆದುರೇ ಹೇಳಿಬಿಡುವುದು.

“ಬ್ರಿಡ್ಜ್ ಸುಳ್ಳರೀ. ಅಲ್ಲೊಂದು ಬೇಲಿ ಇತ್ತು. ಅದರ ಹಿಂದ ಒಬ್ಬ ಮುದುಕ...”

“ಮುದುಕ ಎಲ್ಲಿಂದ ಬಂದ ಸಾರ್?” ಲೇತಿನ ದಾಸಪ್ಪ ನಕ್ಕ. “ತಮಾಷೆ ಬಿಡಿ. ಬ್ರಿಡ್ಜಿಂದ ಶುರು ಮಾಡಿ, ನಮ್ ಮನೆಯವಳು ಅದಕ್ಕೇ ಬಂದವ್ಳೆ.”

ಎಲ್ಲರೂ ನಕ್ಕರು. ನೀಲಪ್ಪ ಹೆಂಡತಿಯ ಕಡೆ ನೋಡಿದ. ಅವಳಾದರೂ ಮುದುಕನ ಬಗ್ಗೆ ಕೇಳಲಿ ಎಂದು. ಗಂಡ ನಾಲ್ಕು ಜನರೆದುರು ತಡವರಿಸುತ್ತಿದ್ದಾನೆ, ಮರ್ಯಾದೆ ಹೋಗುತ್ತದೆ ಎಂದುಕೊಂಡು ದಾನೇಶ್ವರಿ ಎದ್ದು ನಿಂತಳು.

“ಮರ್ತಾರ್ರೀ. ನಾ ಹೇಳ್ತೀನಿ ಕೇಳ್ರಿ. ಕತ್ತಲಿ ಗವ್ ಅಂತಿತ್ತು. ಇವ್ರೊಬ್ಬರ ಬ್ರಿಡ್ಜ್ ಮ್ಯಾಲ ನಿಂತಿದ್ರು...”

ಒಂದು ಮಾತೂ ಬಿಡದೆ, ಅವನಿಗಿಂತ ಚೆನ್ನಾಗಿ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ. ಹೆಮ್ಮೆಯಿಂದ ಅವನತ್ತ ತಿರುಗಿ, “ಹೌದಲ್ರೀ?” ಎಂದಳು.

“ಹೌದು,” ಎಂದ ನೀಲಪ್ಪ.