ಬ್ರೆಡ್ಡಿನ ಮೇಲಿದ್ದ ಆಯಿ

ಇವತ್ತು ಬೆಳಿಗ್ಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಹೋಳು ಬ್ರೆಡ್ಡಿಗೆ ತುಪ್ಪ ಸವರಿ ಹಂಚಿನ ಮೇಲೆ ಇಟ್ಟಿದ್ದೆ. ಒಂದು ಬದಿ ಸ್ವಲ್ಪ ಹೊತ್ತಿತು. ವಾಸನೆ ಮೆಟ್ಟಿಲಿಳಿದು ಹೋಗಿರಬೇಕು. ಕೆಳಗಿನಿಂದ ಮನೆಯ ಮಾಲಕಿ ಮರಾಠಿಯಲ್ಲಿ ಕೂಗಿದರು: "ಕಾಯ್ ಗ, ಬರಂ ನಾಹೀ ಕಾ?" ಯಾಕೆ, ಮೈಯಲ್ಲಿ ಹುಷಾರಿಲ್ಲವೇ ಎಂದು. ಬೇರೆ ಊರಿನಲ್ಲಿ ಬ್ರೆಡ್ ಸುಟ್ಟರೆ ಕಿಟಕಿ ತೆಗೆಯುತ್ತಾರೆ. ನಮ್ಮ ಕಡೆ ಹಣೆ ಮುಟ್ಟಿ ನೋಡುತ್ತಾರೆ.

ಬ್ರೆಡ್ ಎಂಬ ಪದ ಇಂಗ್ಲಿಷಿನದು, ಒಪ್ಪಿದೆ. ಆದರೆ ಸೊಲ್ಲಾಪುರ ಬಿಟ್ಟು, ಅಕ್ಕಲಕೋಟ ದಾಟಿ, ನಮ್ಮ ನಾಗಣಸೂರ ಮುಟ್ಟುವಷ್ಟರಲ್ಲಿ ಅದು ತಿಂಡಿಯ ಸಾಲಿನಿಂದ ಜಾರಿ ಔಷಧದ ಸಾಲಿಗೆ ಸೇರಿಬಿಡುತ್ತದೆ. ಕಾಹಿಲೆ ಬಿದ್ದವರನ್ನು ಬರಿಗೈಯಲ್ಲಿ ನೋಡಲು ಹೋಗಬಾರದು, ಬ್ರೆಡ್ ಒಯ್ಯಬೇಕು. "ಇನ್ನಾ ಬ್ರೆಡ್ ಮ್ಯಾಲ ಅದಾನ" ಎಂದರೆ ಜ್ವರ ಬಿಟ್ಟಿಲ್ಲ. "ರೊಟ್ಟಿಗೆ ಬಂದಾನ" ಎಂದರೆ ಗುಣವಾಯಿತು, ನಾಳೆ ಹೊಲಕ್ಕೆ ಹೋಗುತ್ತಾನೆ. ಚೀಲ ಎತ್ತಲಾಗದ ತರುಣ "ಬ್ರೆಡ್ ಹುಡುಗ". ದಪ್ಪಗೆ ಮೆತ್ತಗೆ ಬಂದ ಜೋಳದ ರೊಟ್ಟಿಯನ್ನೂ ಬ್ರೆಡ್ ಎನ್ನಬಹುದು, ಆದರೆ ಬಡಿದವಳು ಎದುರಿಗಿಲ್ಲದಾಗ ಮಾತ್ರ. ನಮ್ಮ ಕಾಲೇಜಿನಲ್ಲಿ ಒಬ್ಬ ಸರ್, ಇಂಗ್ಲಿಷೇ ನಿಮ್ಮ ಬ್ರೆಡ್ ಅಂಡ್ ಬಟರ್ ಎಂದು ವಾರಕ್ಕೊಮ್ಮೆ ಎಚ್ಚರಿಸುತ್ತಿದ್ದರು. ಅದನ್ನು ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಹೇಳಿದಾಗ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದಕ್ಕs ಹಿಂಗ ಸೊರಗಿ ಬಂದಿ" ಎಂದಿದ್ದಳು.

ಇಷ್ಟೆಲ್ಲ ತಿಳಿದೂ ಒಂದು ಸಲ ನಾನು ಊರಿಗೆ ಬ್ರೆಡ್ ಒಯ್ದೆ. ಎಂ.ಎಸ್ಸಿ. ಓದುತ್ತಿದ್ದ ಕಾಲ. ಹಾಸ್ಟೆಲಿನಲ್ಲಿ ಸ್ಯಾಂಡ್‌ವಿಚ್ ಮಾಡುವುದು ಕಲಿತಿದ್ದೆ, ಮನೆಯವರ ಮೇಲೆ ಪ್ರಯೋಗಿಸುವ ಆಸೆ. ನವಿ ಪೇಠದ ಅಂಗಡಿಯಲ್ಲಿ ಒಂದು ದೊಡ್ಡ ಪಾಕೀಟು ಕೊಂಡೆ. ಚೀಲಕ್ಕೆ ಹಾಕಿದರೆ ನಜ್ಜುಗುಜ್ಜಾಗುತ್ತದೆಂದು ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತೆ. ಅಕ್ಕಲಕೋಟದಲ್ಲಿ ನಮ್ಮ ಓಣಿಯ ಸುಂದ್ರಾಬಾಯಿ ಹತ್ತಿ ನನ್ನ ಪಕ್ಕಕ್ಕೇ ಬಂದಳು. ಅವಳ ಕಣ್ಣು ಮೊದಲು ಪಾಕೀಟಿಗೆ, ಆಮೇಲೆ ನನಗೆ.

"ಯಾರಿಗೆ ಏನಾಗೇತವಾ?"

"ಏನಿಲ್ರಿ."

"ಆಯಿ ತಬ್ಯೇತ ಬರೋಬ್ಬರಿ ಐತಿಲ್ಲ?"

"ಏನಿಲ್ರಿ" ಎಂದು ಮತ್ತೊಮ್ಮೆ ಹೇಳಿ ಕಿಟಕಿಯತ್ತ ತಿರುಗಿದೆ. ಹೆಚ್ಚು ಮಾತಾಡುವವಳಲ್ಲ ನಾನು. ಆದರೆ ಮಡಿಲಲ್ಲಿ ಬ್ರೆಡ್ ಇಟ್ಟುಕೊಂಡು, ಮುಖ ತಿರುಗಿಸಿ, ಸಣ್ಣ ದನಿಯಲ್ಲಿ ಏನಿಲ್ಲ ಎಂದರೆ ನಮ್ಮ ಕಡೆ ಅದಕ್ಕೆ ಬೇರೆಯದೇ ಅರ್ಥ: ಡಾಕ್ಟರು ಕೈಬಿಟ್ಟಿದ್ದಾರೆ. ಸುಂದ್ರಾಬಾಯಿ ಉಳಿದ ದಾರಿಯುದ್ದಕ್ಕೂ ನನ್ನ ಬೆನ್ನು ಸವರುತ್ತ ಬಂದಳು.

ಊರಲ್ಲಿ ಇಳಿದೊಡನೆ ಅವಳು ಬಿರಬಿರನೆ ಮುಂದೆ ನಡೆದಳು. ನಾನು ಮನೆ ಮುಟ್ಟಿ ಕಾಲು ತೊಳೆಯುತ್ತಿರುವಾಗಲೇ ಇಬ್ಬರು ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಅಂಗಳಕ್ಕೆ ಬಂದರು. ಆಯಿ ಅಲ್ಲಿಯೇ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯಾಕ್ರಿ, ಯಾರಿಗೆ ಆರಾಮಿಲ್ಲ?" ಎಂದು ಆಯಿಯೇ ಕೇಳಿದಳು.

"ನಿಮಗs ಅಂತಲ್ರಿ!"

ಆಯಿ ಅವರನ್ನು ನೋಡಿದಳು. ನನ್ನ ಕೈಯ ಬ್ರೆಡ್ ನೋಡಿದಳು. ಆಮೇಲೆ, ಈಗ ನೆನೆದರೂ ನಗು ಬರುತ್ತದೆ, ಶೇಂಗಾದ ಮೊರವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ, "ಹೂಂ ತಂಗಿ. ಕೈಕಾಲಾಗ ಜೀವಾನ ಇಲ್ಲ" ಎಂದು ನರಳಿ, ಒಳಗೆ ಹೋಗಿ ಕೌದಿ ಹೊದ್ದು ಮಲಗಿಬಿಟ್ಟಳು. ನಾನು ಬಾಯಿ ತೆರೆಯುವುದರೊಳಗೆ ಕೌದಿಯೊಳಗಿಂದ ಕೈ ಬಂದು ನನ್ನ ತೊಡೆ ಚಿವುಟಿತು.

ಮಂದಿ ಹೋದ ಮೇಲೆ ಪಿಸುಗುಟ್ಟಿದಳು: "ಸುಮ್ಮಕಿರು. ಗೌರಿ ಬರ್ತಾಳ."

ಗೌರಿ ಎಂದರೆ ಆಯಿಯ ತಂಗಿ, ನಮಗೆ ಸಣ್ಣಾಯಿ. ಹಿಂದಿನ ಓಣಿಯಲ್ಲೇ ಮನೆ. ಆದರೂ ಅಕ್ಕತಂಗಿಯರ ನಡುವೆ ವರ್ಷಗಟ್ಟಲೆ ಮಾತಿರಲಿಲ್ಲ. ನನ್ನ ಕಾಕಾನ ಮದುವೆಯಲ್ಲಿ ಅವಸರಕ್ಕೆ ಆಯಿಯ ರೊಟ್ಟಿ ದಪ್ಪಗಾಗಿದ್ದವಂತೆ. ಸಣ್ಣಾಯಿ ಒಂದನ್ನು ಎತ್ತಿ ಹಿಡಿದು, ಬೀಗರ ಮುಂದೆಯೇ, "ಇವು ರೊಟ್ಟಿ ಅಲ್ರೀ, ಬ್ರೆಡ್! ದವಾಖಾನಿಗೆ ಕಳಸ್ರಿ" ಎಂದಳಂತೆ. ಬೀಗರು ನಕ್ಕರು. ಆಯಿ ನಗಲಿಲ್ಲ. ಅಂದಿನಿಂದ ಇಬ್ಬರಲ್ಲಿ ಯಾರು ಮೊದಲು ಹೊಸ್ತಿಲು ತುಳಿಯಬೇಕೆಂಬುದು ಇತ್ಯರ್ಥವಾಗಿರಲಿಲ್ಲ. ಆದರೆ ಜಡ್ಡಿನವರನ್ನು ನೋಡಲು ಹೋದರೆ ಸೋತಂತಲ್ಲ. ಹೊಲದ ಬದುವಿಗಾಗಿ ಕೋರ್ಟು ಹತ್ತಿದವರೂ ಬ್ರೆಡ್ ಹಿಡಿದು ಬರುತ್ತಾರೆ. ಆಯಿ ಹಿಡಿದದ್ದು ಆ ದಾರಿಯನ್ನು.

ಎರಡು ದಿನ ಊರೆಲ್ಲ ಬಂತು. ಬ್ರೆಡ್ ಪಾಕೀಟುಗಳು ಗೂಡಿನಲ್ಲಿ ಹಿಡಿಸದೆ ಟಿ.ವಿ.ಯ ಮೇಲೇರಿದವು. ಆಯಿ ಲೆಕ್ಕ ಹಾಕದಿದ್ದುದು ಒಂದೇ: ಪಥ್ಯ. ಅವ್ವನಿಗೆ ನಾಟಕ ಮೊದಲ ಗಳಿಗೆಯಲ್ಲೇ ತಿಳಿದಿತ್ತು. ಅತ್ತೆಯ ಮೇಲೆ ಇಂಥ ಅಧಿಕಾರ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಎಣ್ಣೆಗಾಯಿ ಮಾಡಿ, ಒಗ್ಗರಣೆಯ ಘಾಟು ಕೌದಿಯವರೆಗೆ ಹೋಗುವಂತೆ ಬಾಗಿಲು ತೆರೆದಿಟ್ಟಳು.

"ಒಂದ್ ತುಣುಕು ರೊಟ್ಟಿ ಕೊಡವಾ."

"ಪೇಷಂಟಿಗೆ ಖಾರ ನಡಿಯಾಂಗಿಲ್ರಿ ಅತ್ತಿ. ಹಾಲು ಬ್ರೆಡ್ ತಿನ್ರಿ."

ಮೊದಲ ದಿನವೇ ಕರುಣೆ ಬಂದು ನಾನೇ ಒಂದು ಹಿಡಿ ಹುರಿದ ಶೇಂಗಾ ಕದ್ದು ಕೊಟ್ಟೆ. ಮುಂಬಾಗಿಲಿನವರಿಗೆ ಕಾಣದಂತೆ ಹಿತ್ತಲ ಬಾಗಿಲ ಕಡೆ ತಿರುಗಿ ಕೂತು, ತಲೆ ತಗ್ಗಿಸಿ ತಿಂದಳು.

ಬಂದವರನ್ನೆಲ್ಲ ಆಯಿ ಒಂದೇ ಮಾತು ಕೇಳುತ್ತಿದ್ದಳು: "ಹಿಂದಿನ ಓಣ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?" ಅದಾರ, ಅದಾರ ಎನ್ನುತ್ತಿದ್ದರು. ಎರಡನೆಯ ಸಂಜೆ ಅವಳು ಕೇಳುವುದನ್ನು ಬಿಟ್ಟಳು. ನರಳುವುದನ್ನೂ ಬಿಟ್ಟಳು. ನಾನು ಪಕ್ಕದಲ್ಲಿ ಕೂತಾಗ ಗೋಡೆ ನೋಡುತ್ತ, "ನಾ ಸತ್ರೂ ಬರಾಂಗಿಲ್ಲಂತ ಕಾಣ್ತೈತಿ" ಎಂದಳು. ಆಟವಾಡಲು ಹೊರಟವಳು ಅರಿಯಬಾರದ್ದನ್ನು ಅರಿತಿದ್ದಳು. ಅವಳ ಕೈ ನಿಜವಾಗಿಯೂ ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಸಣ್ಣಾಯಿ ಬಂದಳು. ಕೈಯಲ್ಲಿ ಏನೂ ಇಲ್ಲ. ಹಾಸಿಗೆಯ ಅಂಚಿಗೆ ಕೂತಳು. ಅವ್ವ ನೀರು ಕೊಟ್ಟರೆ ಕುಡಿದು, ತಂಬಿಗೆ ಕೆಳಗಿಟ್ಟಳು. ಮಾತು ಆಯಿಯೇ ಆಡಿದಳು, ಗೋಡೆಗೆ.

"ಈಗ ನೆನಪಾತೇನ? ಎರಡು ದಿನಾತು ಬಿದ್ದೀನಿ."

"ಮೊನ್ನೇನs ಬಂದಿದ್ನಿ ಅಕ್ಕಾ. ಬ್ರೆಡ್ ಹಿಡ್ಕೊಂಡs ಬಂದಿದ್ನಿ, ಅಳಕೋತ. ಹಿತ್ತಲ ಬಾಗಲದಾಗ ನಿಂತು ನೋಡ್ತೀನಿ, ಮಾರಾಯ್ತಿ ಕುಂತು ಶೇಂಗಾ ಮುಕ್ಕಾಕತ್ತಾಳ!"

ಕೌದಿ ಅಲ್ಲಾಡಲಿಲ್ಲ. ಅಡುಗೆಮನೆಯಲ್ಲಿ ಅವ್ವ ಏನನ್ನೋ ಬೀಳಿಸಿದಳು.

"ಮತ್ತ ಆಗs ಒಳಗ ಬರಬಾರದಿತ್ತೇನ?"

"ಆಗ ಬಂದಿದ್ರ ಜಡ್ಡು ನೋಡಾಕ ಬಂದಂಗ ಆಗ್ತಿತ್ತು. ಊರ ಮಂದಿ ಎಲ್ಲಾ ಬರ್ತಾರ ಹಂಗ." ಸಣ್ಣಾಯಿ ಕೌದಿಯ ಅಂಚು ಹಿಡಿದು ಎಳೆದಳು. "ಎರಡು ದಿನ ಕುಂತು ವಿಚಾರ ಮಾಡಿದ್ನಿ. ನೀ ಆರಾಮ ಅದಿ ಅಂತ ಗೊತ್ತಿದ್ದs ಬಂದೀನಿ."

ಆಯಿ ಎದ್ದು ಕೂತಳು. ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಏನಾದರೂ ದೊಡ್ಡ ಮಾತು ಬಂದೀತೆಂದು ನಾನು ಬಾಗಿಲಲ್ಲಿ ಕಾದು ನಿಂತಿದ್ದೆ. ಆಯಿ ಅಡುಗೆಮನೆಯತ್ತ ಕೂಗಿದಳು: "ಎಣ್ಣಿಗಾಯಿ ಉಳದೈತೇನ? ಇಬ್ಬರಿಗೆ ಬಡಸು. ಹೊಟ್ಟ್ಯಾಗ ಬೆಂಕಿ ಬಿದ್ದೈತಿ." ಆ ದಿನ ಓಣಿಯ ಎಮ್ಮೆಗಳೆಲ್ಲ ಬ್ರೆಡ್ ತಿಂದವು.

ಇಷ್ಟನ್ನು ನೆನೆಯುವಷ್ಟರಲ್ಲಿ ಹಂಚಿನ ಮೇಲಿನ ನನ್ನ ಹೋಳುಗಳು ಆರಿಹೋಗಿದ್ದವು. ಹಾಗೆಯೇ ತಿನ್ನುತ್ತ ಆಯಿಗೆ ಫೋನ್ ಮಾಡಿದೆ. ಕೆಲಸವಿಲ್ಲದೆ ಯಾರಿಗೂ ಫೋನ್ ಮಾಡುವವಳಲ್ಲ ನಾನು. ಮನೆಯವರಿಗೂ ಅದು ಗೊತ್ತು. ಆ ಕಡೆಯಿಂದ ಮೊದಲು ಕೇಳಿಸಿದ್ದು ಸಣ್ಣಾಯಿ ಯಾರನ್ನೋ ನಿಲ್ಲಿಸದೆ ಬೈಯುತ್ತಿದ್ದ ದನಿ. ಆಮೇಲೆ ಆಯಿಯ ಗಾಬರಿಯ ದನಿ ಹತ್ತಿರವಾಯಿತು.

"ಯಾಕವಾ ಇಷ್ಟ ಮುಂಜಾನೆ? ಆರಾಮ ಅದಿಲ್ಲ?"

"ಆರಾಮ ಅದೀನಿ ಆಯಿ. ಅದಕ್ಕs ಮಾಡೀನಿ."

ಆಯಿ ಫೋನನ್ನು ದೂರ ಹಿಡಿದು, "ಏ ಗೌರೀ, ತುಸು ಬಾಯಿ ಮುಚ್ಚು, ಹುಡುಗಿ ಮಾತಾಡಾಕತ್ತಾಳ" ಎಂದಳು.