ಸಡಿಲವಾದ ಟೋಪಿ

ಊರಿಗೆಲ್ಲ ಟೋಪಿ ಹಾಕಿ ಬದುಕಿದವನು ಎಂದು ಬೀದಿಯವರು ಟೋಪಿಯಣ್ಣನನ್ನು ರೇಗಿಸುತ್ತಿದ್ದರು. ಐವತ್ತು ವರ್ಷ ಅದೇ ಹಳಸಲು ಜೋಕು. ಅವನೂ ಐವತ್ತು ವರ್ಷ ಅದಕ್ಕೆ ನಕ್ಕ. ಪಾಪ, ದಾಕ್ಷಿಣ್ಯದ ಪ್ರಾಣಿ. ಆದರೆ ಅವನಷ್ಟು ನೇರ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಒಬ್ಬರ ಹತ್ತಿರ ಮಾತ್ರ ಅವನು ಮೂರು ವರ್ಷ ಒಂದೇ ಸುಳ್ಳನ್ನು ಹೇಳಿದ. ಆ ಸುಳ್ಳಿನ ಕಥೆಯೇ ಇದು.

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಗಾಜಿನ ಕಿಟಕಿ, ಆಳೆತ್ತರದ ಕನ್ನಡಿ, ಒಂದೇ ಒಂದು ಕುರ್ಚಿ. ಹಿಂದಿನದರಲ್ಲಿ ಸದಾ ಕುದಿಯುವ ಕೆಟಲು, ಗೋಡೆಯುದ್ದಕ್ಕೂ ಮರದ ತಲೆಗಳು, ಮತ್ತೆ ಅವನ ಅಕ್ಕ. ಟೋಪಿಯ ಒಳಗಿನ ರೇಷ್ಮೆ ಅಸ್ತರು, ಹಣೆಗೆ ತಾಗುವ ಚರ್ಮದ ಪಟ್ಟಿ, ಎಲ್ಲ ಅಕ್ಕನ ಹೊಲಿಗೆ. ಮೊಲದ ತುಪ್ಪಳವನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಮರದ ತಲೆಯ ಮೇಲೆ ಎಳೆದು, ಹುರಿಯಿಂದ ಬಿಗಿದು, ಒಣಗಿಸಿ, ಇಸ್ತ್ರಿ ಮಾಡಿ, ಮನಸ್ಸಿಗೆ ಬರದಿದ್ದರೆ ಮತ್ತೆ ಹಬೆಗೆ ಹಿಡಿದು, ಒಂದು ಟೋಪಿಗೆ ಮೂರು ವಾರ ಹಿಡಿಯುತ್ತಿತ್ತು. ಮಿಷನ್ನಿನಲ್ಲಿ ಮಾಡಿದ ಟೋಪಿಯ ಬೆಲೆಗೆ ಇವನ ಟೋಪಿಯ ರಿಬ್ಬನ್ನೂ ಬರುತ್ತಿರಲಿಲ್ಲ. ಚೌಕಾಸಿ ಮಾಡುವವರಿಗೆ ಅವನು ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ.

ಭೂಗೋಳದ ಮೇಷ್ಟ್ರು ಒಂದು ವರ್ಷ ಕಿಟಕಿಯ ಹೊರಗೇ ನಿಂತರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬಂದು, ಬೂದುಬಣ್ಣದ ಒಂದು ಟೋಪಿಯನ್ನು ನೋಡಿ, ಕೆಮ್ಮಿ, ಹೊರಟುಬಿಡುತ್ತಿದ್ದರು. ಕಡೆಗೊಂದು ದಿನ ಗಟ್ಟಿಮನಸ್ಸು ಮಾಡಿ ಒಳಗೆ ಬಂದರು. ಬೆಲೆ ಕೇಳಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಎರಡು ತಿಂಗಳ ಸಂಬಳ ಅದು. ಅಷ್ಟಕ್ಕೆ ಒಂದು ಒಳ್ಳೆ ಸೈಕಲ್ ಬರುತ್ತದಲ್ಲ ಎಂದು ಮೆಲ್ಲಗೆ ಅಂದರು.

"ಸೈಕಲ್ ಕೆಟ್ರೆ ರಿಪೇರಿಗೆ ಮತ್ತೆ ಕೊಡ್ತೀರಿ ಮೇಷ್ಟ್ರೇ," ಅಂದ ಟೋಪಿಯಣ್ಣ. "ಈ ಟೋಪಿ ಇರೋತನಕ ಇದರ ಕೆಲಸ ನಂದು. ಅದೂ ಈ ಬೆಲೆಯಲ್ಲೇ ಸೇರಿದೆ."

ಮೇಷ್ಟ್ರು ಟೋಪಿ ಕೊಂಡೇಬಿಟ್ಟರು. ಆ ಕಾಲವೇ ಬೇರೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀದಿಯ ತುಂಬ ಟೋಪಿಗಳೇ ನಡೆದುಹೋಗುತ್ತಿದ್ದವು. ಎದುರು ಸಿಕ್ಕವರು ಟೋಪಿಯ ಅಂಚಿಗೆ ಎರಡು ಬೆರಳು ತಾಗಿಸಿ ನಮಸ್ಕರಿಸುತ್ತಿದ್ದರು. ಯಾವ ಟೋಪಿ ತನ್ನದು ಎಂದು ಟೋಪಿಯಣ್ಣ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಗುರುತಿಸಿ ಹಿಗ್ಗುತ್ತಿದ್ದ. ಆಮೇಲೆ ಏನಾಯಿತೋ, ಜನ ಬರಿದಲೆಯಲ್ಲಿ ಓಡಾಡತೊಡಗಿದರು. ಕಚೇರಿಗಳಲ್ಲಿ ಟೋಪಿಯ ಗೂಟಗಳಿಗೆ ಊಟದ ಚೀಲಗಳು ಬಂದವು. ಮೇಷ್ಟ್ರು ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಬರುತ್ತಿದ್ದರು, ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಟೋಪಿಯಣ್ಣ ಹಣೆಗೂ ಪಟ್ಟಿಗೂ ನಡುವೆ ತೋರುಬೆರಳು ತೂರಿಸುತ್ತಿದ್ದ. ತುದಿ ಮಾತ್ರ ಹೋದರೆ ಸರಿ, ಪೂರ್ತಿ ಹೋದರೆ ಸಡಿಲ. ಆಮೇಲೆ ಟೋಪಿಯನ್ನು ಎರಡು ದಿನ ಬಿಟ್ಟುಹೋಗುತ್ತಿದ್ದರು. ಇವನು ಹಬೆ ಕೊಟ್ಟು, ಬ್ರಶ್ ಮಾಡಿ, ಹೊಸದರಂತೆ ಮಾಡಿಡುತ್ತಿದ್ದ.

ಹೀಗೆ ಇಪ್ಪತ್ತಾರು ವರ್ಷ. ಇಪ್ಪತ್ತೇಳನೆಯ ವರ್ಷ ಬೆರಳು ಪೂರ್ತಿ ಒಳಗೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಮೇಷ್ಟ್ರ ಕೆನ್ನೆ ಒಳಕ್ಕೆ ಹೋಗಿತ್ತು, ಕತ್ತಿನಲ್ಲಿ ನರ ಎದ್ದಿತ್ತು. ಹೋದ ವರ್ಷದ ಹಾಗೇ ಇದೆ ಅಲ್ಲವೇ ಎಂದು ಅವರು ಕೇಳಿದರು. ಒಂಚೂರೂ ಬದಲಾಗಿಲ್ಲ ಎಂದುಬಿಟ್ಟ.

ಅವರು ಹೋದ ಮೇಲೆ ಚರ್ಮದ ಪಟ್ಟಿಯ ಹಿಂದೆ ಫೆಲ್ಟಿನ ತೆಳ್ಳನೆಯ ಒಂದು ಚೂರನ್ನು ಸೇರಿಸಿದ. ಎರಡು ದಿನದ ನಂತರ ಟೋಪಿ ಮೇಷ್ಟ್ರ ತಲೆಗೆ ಸರಿಯಾಗಿ ಕೂತಿತು. ಮರುವರ್ಷ ಇನ್ನೊಂದು ಚೂರು, ಅದರ ಮರುವರ್ಷ ಮೂರನೆಯದು. ಅಕ್ಕ ಕತ್ತರಿ ಕೆಳಗಿಟ್ಟು ಬೈದಳು. ಬಾಯಿಬಿಟ್ಟು ಹೇಳೋ, ಆ ಮನುಷ್ಯ ಕರಗಿಹೋಗುತ್ತಿದ್ದಾನೆ ಎಂದಳು. ಹೇಳುತ್ತೇನೆ ಅಂದ, ಹೇಳಲಿಲ್ಲ.

ನಾಲ್ಕನೆಯ ವರ್ಷ ಮೇಷ್ಟ್ರು ಟೋಪಿಯನ್ನು ಬಿಟ್ಟುಹೋಗಲು ಒಪ್ಪಲಿಲ್ಲ. ಸುಮ್ಮನೆ ಬ್ರಶ್ ಮಾಡಿಕೊಡಿ ಸಾಕು, ನಿಂತೇ ಇರುತ್ತೇನೆ ಅಂದರು. ಟೋಪಿಯಣ್ಣ ಅಳುಕುತ್ತಲೇ ಬೆರಳು ಹಾಕಿದ. ತುದಿ ಮಾತ್ರ ಹೋಯಿತು. ಅವನಿಗೆ ಹೋದ ಜೀವ ಬಂದಂತಾಯಿತು. ಅವರು ಹೊರಟ ಕೂಡಲೇ ಒಳಗೆ ಓಡಿ, ಮೇಷ್ಟ್ರು ಚೇತರಿಸಿಕೊಂಡರು ಎಂದು ಅಕ್ಕನಿಗೆ ಹೇಳಿದ.

ಎರಡೇ ತಿಂಗಳಲ್ಲಿ ಮೇಷ್ಟ್ರು ತೀರಿಕೊಂಡರು. ಮುಂಚೆಯೇ ಡಾಕ್ಟರಿಗೆ ತೋರಿಸಿದ್ದರೆ ಉಳಿಯುತ್ತಿದ್ದರೋ ಏನೋ ಎಂದು ಪಕ್ಕದ ಅಂಗಡಿಯವನು ಮಾತಿಗೆ ಅಂದ. ಆ ಮಾತು ಟೋಪಿಯಣ್ಣನ ಎದೆಯಲ್ಲಿ ನಾಟಿಕೊಂಡಿತು. ಮೊದಲ ವರ್ಷವೇ ಸಡಿಲವಾಗಿದೆ ಅಂದಿದ್ದರೆ? ತಾನೇ ಆ ಮನುಷ್ಯನ ಕಣ್ಣಿಗೆ ಬಟ್ಟೆ ಕಟ್ಟಿದೆನಲ್ಲ ಎಂದು ಕೊರಗಿದ. ಮೇಷ್ಟ್ರ ಮನೆಗೆ ಹೋಗಿ ಮುಖ ತೋರಿಸುವ ಧೈರ್ಯವೂ ಆಗಲಿಲ್ಲ.

ಆರು ತಿಂಗಳು ಕಳೆದ ಮೇಲೆ ಮೇಷ್ಟ್ರ ಹೆಂಡತಿಯೇ ಟೋಪಿಯ ಡಬ್ಬಿ ಹಿಡಿದು ಬಂದರು. ಕೈಯಲ್ಲಿ ಮಾಡಿದ ಇಂಥ ಟೋಪಿಗೆ ಈಗ ಒಳ್ಳೇ ಬೆಲೆ ಬರುತ್ತದೆ, ಕೇಳಿಕೊಂಡು ಬಾ ಎಂದು ಆಕೆಯ ತಮ್ಮ ಕಳಿಸಿದ್ದನಂತೆ. ಟೋಪಿಯಣ್ಣ ಕುರ್ಚಿ ಎಳೆದುಕೊಟ್ಟ. ಒಳಗಿನ ಸ್ಥಿತಿ ನೋಡದೆ ಬೆಲೆ ಹೇಳುವವನಲ್ಲ. ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿದ. ಅವನ ಮೂರು ಫೆಲ್ಟಿನ ಚೂರುಗಳಿದ್ದವು. ಅವುಗಳ ಹಿಂದೆ ನಾಲ್ಕನೆಯದೊಂದು ಇತ್ತು. ಗೆರೆಯಿರುವ ನೋಟ್‌ಬುಕ್ಕಿನ ಹಾಳೆ, ನೀಟಾಗಿ ನಾಲ್ಕು ಮಡಿಕೆ ಮಾಡಿದ್ದು.

"ಇದು ನಾನು ಹಾಕಿದ್ದಲ್ಲ," ಅಂದ.

"ಅವರೇ ಹಾಕ್ಕೊಂಡಿದ್ದು," ಅಂದರು ಆಕೆ. "ಕೊನೇ ಸಲ ನಿಮ್ಮ ಹತ್ರ ಬರೋ ಮುಂಚೆ. ಟೋಪಿಯಣ್ಣ ಬೆರಳಿಟ್ಟು ನೋಡ್ತಾನೆ, ಪಾಪ, ನೊಂದ್ಕೋತಾನೆ ಅಂದ್ರು."

ಟೋಪಿಯಣ್ಣ ತಡೆದುಕೊಳ್ಳಲಾರದೆ ಎಲ್ಲವನ್ನೂ ಹೇಳಿದ. ತಾನು ಮುಚ್ಚಿಟ್ಟದ್ದು, ಅದರಿಂದಲೇ ಡಾಕ್ಟರ ಹತ್ತಿರ ಹೋಗುವುದು ತಡವಾಯಿತೇನೋ ಎಂದು ಕೊರಗಿದ್ದು, ಎಲ್ಲ. ಆಕೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಅವನ ಕಡೆ ತಿರುಗಿದರು.

"ನೀವು ಮೊದಲನೇ ಚೂರು ಹಾಕೋಕೆ ಆರು ತಿಂಗಳು ಮುಂಚಿಂದಲೇ ನಾವು ಆಸ್ಪತ್ರೆಗೆ ಓಡಾಡ್ತಿದ್ವಿ. ಅವರಿಗೆ ಎಲ್ಲಾ ಗೊತ್ತಿತ್ತು. ಒಂದು ಜಾಗದಲ್ಲಾದ್ರೂ ನಾನು ಮೊದಲಿನ ಹಾಗೇ ಇದೀನಿ ಅಂತಾರಲ್ಲ, ಅಷ್ಟು ಸಾಕು ಅಂತಿದ್ರು."

ಟೋಪಿಯಣ್ಣ ಅತ್ತ. ಎಪ್ಪತ್ತರ ಮನುಷ್ಯ, ಬೀದಿಗೆ ಕಾಣುವ ಕಿಟಕಿಯ ಪಕ್ಕದಲ್ಲೇ ನಿಂತು ಅತ್ತ. ಒಳಗೆ ಅಕ್ಕನ ಕತ್ತರಿಯ ಸದ್ದು ನಿಂತಿತ್ತು. ಆಮೇಲೆ ಮೂಗೊರೆಸಿಕೊಂಡು, ಹಾಳೆಯನ್ನು ಅದೇ ಮಡಿಕೆಯಲ್ಲಿ ಮೊದಲು ಇಟ್ಟು, ಫೆಲ್ಟಿನ ಚೂರುಗಳನ್ನು ಅದರ ಮೇಲೆ ಜೋಡಿಸಿ, ಪಟ್ಟಿ ಮುಚ್ಚಿದ. ಬೆಲೆ ಮಾತ್ರ ಅವನ ಬಾಯಿಗೆ ಬರಲಿಲ್ಲ. ಐವತ್ತು ವರ್ಷದಲ್ಲಿ ಅದೇ ಮೊದಲು.

ಆಕೆ ಒತ್ತಾಯಿಸಲಿಲ್ಲ. ಟೋಪಿಯನ್ನು ಕೈಗೆ ತೆಗೆದುಕೊಂಡು, ಏನನ್ನಿಸಿತೋ, ಕನ್ನಡಿಯ ಮುಂದೆ ನಿಂತು ತಮ್ಮ ತಲೆಗೇ ಇಟ್ಟುಕೊಂಡರು. ಬೆಳಗಿನ ಚಳಿಯಲ್ಲಿ ವಾಕಿಂಗ್ ಹೋಗುವಾಗ ನಾನೇ ಹಾಕಿಕೊಳ್ಳಬಹುದಲ್ಲ, ಸರಿಯಾಗಿದೆಯಾ ಎಂದು ಕೇಳಿದರು.

ಅವನು ತೋರುಬೆರಳು ತೂರಿಸಿದ. ಪೂರ್ತಿ ಹೋಯಿತು. ಹಳೇ ಉತ್ತರ ನಾಲಿಗೆಯ ತುದಿಗೇ ಬಂದಿತ್ತು.

"ಸಡಿಲ ಇದೆ, ಅಮ್ಮ," ಅಂದ, ಒಳಗಿದ್ದ ಅಕ್ಕನಿಗೂ ಕೇಳುವಷ್ಟು ಗಟ್ಟಿಯಾಗಿ. "ಕೂತ್ಕೊಳ್ಳಿ. ನಿಮ್ಮೆದುರೇ ಇನ್ನೊಂದು ಚೂರು ಹಾಕಿಕೊಡ್ತೀನಿ."

ಅದಕ್ಕೆ ಎಷ್ಟಾಗುತ್ತದೆ ಎಂದು ಆಕೆ ಕೇಳಿದರು.

"ಅದನ್ನ ಮೇಷ್ಟ್ರು ಟೋಪಿ ತಗೊಂಡ ದಿನಾನೇ ಕೊಟ್ಟಿದಾರೆ," ಎಂದು ಟೋಪಿಯಣ್ಣ ಕತ್ತರಿ ತರಲು ಒಳಗೆ ಹೋದ.