ಬಳೆಗಾರ್ತಿಯಿಂದ ನಾಲ್ಕು ಮೊಳ ದೂರ

ಸೇಡಂಗೆ ವರ್ಗವಾಗಿ ಬಂದ ಮೂರನೇ ದಿನ, ಪರಿಚಯವೇ ಇಲ್ಲದ ಹೆಂಗಸೊಬ್ಬರು ನನ್ನ ಬಲಗೈ ಹಿಡಿದು ಹತ್ತು ನಿಮಿಷ ಬಿಡಲಿಲ್ಲ. ಅವರು ಬಳೆಗಾರ್ತಿ ಖಾಜಾಬಿ. ನಾನು ಅಳತೆ ಹೇಳಿ, ಒಂದು ಡಜನ್ ಗಾಜಿನ ಬಳೆ ಕಟ್ಟಿಕೊಡಿ ಎಂದಿದ್ದೆ. ಮಂಡ್ಯದಲ್ಲಿ ನಾನು ಬಳೆ ಕೊಳ್ಳುತ್ತಿದ್ದುದು ಹಾಗೆಯೇ.

“ಕಟ್ಟಿ ಕೊಡ್ಲಿಕ್ಕೆ ಇದೇನ್ ಕಿರಾಣಿ ಅಂಗಡಿ ಏನ್ರಿ? ಕೈ ಕೊಡ್ರಿ.”

ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿದರು. ಅಷ್ಟರಲ್ಲಿ ನನ್ನ ಮದುವೆ, ತವರು, ಪತ್ರಿಕೆಯ ಕೆಲಸ ಎಲ್ಲ ವಿಚಾರಿಸಿಯಾಗಿತ್ತು.

“ಭಾಳ ಬಿರಸ್ ಅದರಿ ಕೈ. ಯಾರೂ ಹಿಡಿಯಂಗಿಲ್ಲೇನು?”

ಅಂಗಡಿಯಲ್ಲಿದ್ದ ಹೆಂಗಸರು ನಕ್ಕರು. ನನಗೆ ಸಿಟ್ಟು ಬಂತು.

ನಮ್ಮ ಮನೆಯಲ್ಲಿ ಪ್ರೀತಿ ತಟ್ಟೆಗೆ ಬೀಳುತ್ತದೆ. ಯಾರೂ ಯಾರನ್ನೂ ಮುಟ್ಟಿ ಮಾತಾಡುವುದಿಲ್ಲ. ಇಲ್ಲಿ ಚಿತ್ತಾಪುರದ ಬಸ್ಸಿನಲ್ಲಿ ಪಕ್ಕ ಕುಳಿತವರು ತೊಡೆ ತಟ್ಟಿಯೇ ಮಾತು ಶುರುಮಾಡುತ್ತಾರೆ. ಮುದ್ದೆ ಉಂಡವಳಿಗೆ ಜೋಳದ ರೊಟ್ಟಿ ತಿಂಗಳಲ್ಲಿ ಒಗ್ಗಿತು. ‘ಕುಂದ್ರಿ’ ಎಂದರೆ ಕುಳಿತುಕೊಳ್ಳಿ ಎಂದು ಮೊದಲ ವಾರವೇ ತಿಳಿಯಿತು. ಮುಟ್ಟಿಸಿಕೊಳ್ಳುವುದಕ್ಕೆ ಮಾತ್ರ ವರ್ಷ ಬೇಕಾಯಿತು. ಆಮೇಲೆ ಕೈಯಲ್ಲಿದ್ದ ಬಳೆ ಒಡೆಯದಿದ್ದರೂ ಖಾಜಾಬಿಯ ಅಂಗಡಿಗೆ ಹೋಗುತ್ತಿದ್ದೆ.

ಕೊರೊನಾದ ಎರಡನೇ ಅಲೆಯಲ್ಲಿ ಅವ್ವ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದೇ ವಾರ ನನಗೂ ಸೋಂಕು ತಗುಲಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮನೆಯೊಡತಿ ಹೊಸ್ತಿಲಲ್ಲಿ ರೊಟ್ಟಿ ಇಟ್ಟು, ಬಾಗಿಲು ಬಡಿದು ಹೋಗುತ್ತಿದ್ದರು. ತಮ್ಮ ರವಿ ಫೋನಿನಲ್ಲಿ ಹೇಳಿದ: “ದೂರದಿಂದ ಮೊಕ ತೋರುಸುದ್ರು ಕಣಕ್ಕ. ಕೈ ಮುಟ್ಟಕ್ ಬುಡ್ನಿಲ್ಲ.” ಎಷ್ಟು ಹೊತ್ತಿಗೆ, ಯಾರ್ಯಾರಿದ್ದರು ಎಂದು ಕೇಳಿ ಬರೆದುಕೊಂಡೆ. ಕೆಲಸದ ಅಭ್ಯಾಸ. ಫೋನ್ ಇಟ್ಟ ಮೇಲೆ ಆ ಹಾಳೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ನಾನು ಕೋಣೆಯಿಂದ ಹೊರಬರುವಾಗ ಸೂತಕವೂ ಕಳೆದಿತ್ತು. ನನ್ನನ್ನು ಯಾರಾದರೂ ಮುಟ್ಟಿ ಇಪ್ಪತ್ತಾರು ದಿನವಾಗಿತ್ತು. ಅಂಗಡಿ ಮುಚ್ಚಿತ್ತು, ಖಾಜಾಬಿಯ ಮನೆಗೇ ಹೋದೆ. ಅವ್ವನ ವಿಷಯ ಹೇಳಿ, “ಬಳೆ ತೊಡಿಸಿ” ಎಂದೆ. ಅವರು ಎದ್ದು ಬರುವಷ್ಟರಲ್ಲಿ ಒಳಗಿನಿಂದ ಮಗಳು, ನನಗೂ ತಿಳಿಯಲೆಂದು ಕನ್ನಡದಲ್ಲೇ ಕೂಗಿದಳು: “ಅಮ್ಮೀ, ದಮ್ಮಿನ ಬ್ಯಾನಿ ಅದ ನಿನಗ. ಯಾರ್ ಕೈ ಹಿಡಿಲಿಕತ್ತಿ?”

ಖಾಜಾಬಿ ನಿಂತರು. ಹಸಿರು ಬಳೆಗಳನ್ನು ಹೊರಗಿನ ಕಲ್ಲುಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. “ನೀವೇ ಹಾಕ್ಕೋರಿ ಬೇಟಿ. ನಾ ಹೇಳ್ತೀನಿ.”

ಮೊದಲನೆಯದೇ ಒಡೆಯಿತು.

“ಅವಸರ ಮಾಡಬ್ಯಾಡ್ರಿ. ಹೆಬ್ಬಟ್ಟು ಒಳಗ ತಗೋರಿ. ಈಗ ಒತ್ರಿ, ಇಲ್ಲಿ.”

ತಮ್ಮ ಎಡಗೈಯಿಂದ ತಮ್ಮದೇ ಬಲಗೈ ಒತ್ತಿ ತೋರಿಸುತ್ತಿದ್ದರು. ನಾನೂ ಹಾಗೆಯೇ ಒತ್ತಿಕೊಂಡೆ. ನಾಲ್ಕು ಮೊಳ ದೂರದಲ್ಲಿ, ಇಬ್ಬರೂ ನಮ್ಮ ನಮ್ಮ ಕೈ ಹಿಡಿದುಕೊಂಡು ಕುಳಿತಿದ್ದೆವು.

“ಎರಡ್ ತಿಂಗಳಾತ್ರಿ, ಒಂದ್ ಕೈ ಹಿಡದಿಲ್ಲ,” ಎಂದರು. “ಉಣ್ಲಿಕ್ಕೆ ಕುಂತ್ರ ಇವು ಯಾರ್ ಕೈ ಅನಸ್ತದ.”

ಬಸ್ಸುಗಳು ಶುರುವಾದ ಮೇಲೆ ಮಂಡ್ಯಕ್ಕೆ ಹೋದೆ. ರವಿ ಅಂಗಳದಲ್ಲಿ ಎರಡು ಕುರ್ಚಿ ಹಾಕಿ, ಕಾಫಿ ತಂದಿಟ್ಟು, ದಾರಿ ಹೇಗಿತ್ತೆಂದು ಕೇಳಿದ. ನಾನು ಅವನ ಕೈ ಹಿಡಿದೆ. ಬೆಚ್ಚಿಬಿದ್ದ.

“ಏನಕ್ಕ, ಏನಾರ ಬೇಕಾಗಿತ್ತಾ?”

“ಏನಿಲ್ಲ.”

ಕೈ ಎಳೆದುಕೊಳ್ಳಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ರಸ್ತೆ ನೋಡುತ್ತ ಕುಳಿತ. ಸೇಡಂನವರಾಗಿದ್ದರೆ ಕಾರಣ ಕೇಳುತ್ತಿರಲಿಲ್ಲ. ಆದರೆ ಅವ್ವನಂಥದೇ ಮೊಂಡು ಬೆರಳುಗಳು ಇದ್ದದ್ದು ಇವನ ಕೈಯಲ್ಲಿ.